ಲಕ್ಸೆಂಬರ್ಗ್, ವಯಾ ಚಿಂತಾಮಣಿ

ದಾರಿಯಲ್ಲಿ ಬರುವವರಿಗೂ ಹೋಗುವವರಿಗೂ ಬಾಯಿಮಾತಿಗೆ ‘ಒಂದ್ಸಲ ನಮ್ಮನೆ ಕಡೆ ಬನ್ನಿ’ ಅನ್ನುವ ಚಾಳಿ ಇರುವವರೆಲ್ಲ ಬಷೀರ್ ಅಹಮದನ ಕಥೆ ಕೇಳಿ ಸ್ವಲ್ಪ ಬುದ್ಧಿ ಕಲಿಯಬೇಕು. ಕರೆದರೆ ನಿಜವಾಗಿಯೂ ಹೊರಟುಬಿಡುವ ಜನ ಭೂಮಿಯ ಮೇಲೆ ಇನ್ನೂ ಇದ್ದಾರೆ. ಅಂಥವನೊಬ್ಬ ಶಿಡ್ಲಘಟ್ಟದಲ್ಲಿ, ಅದೂ ನನ್ನ ಟೀ ಹೋಟೆಲಿನ ಎದುರಿಗೇ ಇದ್ದದ್ದು ನನ್ನ ಹಣೆಬರಹ.

ಎಂಬತ್ತೆಂಟನೇ ಇಸವಿಯ ಚಳಿಗಾಲ. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವುದನ್ನು ನೋಡಬೇಕೆಂದು ಒಬ್ಬ ಬಿಳಿಯ ಮುದುಕ ಜೀಪಿನಲ್ಲಿ ಬಂದ. ಜೊತೆಗೆ ನಾಲ್ಕೈದು ಜನ ಅಧಿಕಾರಿಗಳು. ಬಷೀರನ ನೂಲು ಬಿಚ್ಚುವ ಶೆಡ್ಡು ರಸ್ತೆಗೆ ಅಂಟಿಕೊಂಡಿದೆ, ಬೂಟಿಗೆ ಕೆಸರಾಗುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಮುದುಕನನ್ನು ಅಲ್ಲಿಗೆ ಕರೆತಂದರು. ಬಿಸಿನೀರಿನಲ್ಲಿ ಗೂಡು ಕುದಿಯುತ್ತಿತ್ತು. ಸತ್ತ ಹುಳುವಿನ ವಾಸನೆಗೆ ಅಧಿಕಾರಿಗಳೆಲ್ಲ ಕರ್ಚೀಫು ತೆಗೆದರು, ಮುದುಕ ತೆಗೆಯಲಿಲ್ಲ. ಅಷ್ಟಕ್ಕೇ ಬಷೀರ್ ಕರಗಿಹೋದ. ನನ್ನ ಹೋಟೆಲಿನಿಂದ ಟೀ ತರಿಸಿದ. ಮುದುಕ ಒಂದು ಕುಡಿದು ಇನ್ನೊಂದು ಕೇಳಿದ. ಹೊರಡುವಾಗ ಕೈಗೊಂದು ವಿಳಾಸದ ಕಾರ್ಡು ಕೊಟ್ಟು, ಯಾವಾಗಲಾದರೂ ನಮ್ಮ ಲಕ್ಸೆಂಬರ್ಗಿಗೆ ಬಾ, ನಮ್ಮ ಮನೆಯಲ್ಲೇ ಇರಬಹುದು ಅಂದ. ಅಧಿಕಾರಿಯೊಬ್ಬರು ಅದನ್ನು ಕನ್ನಡಕ್ಕೆ ತರ್ಜುಮೆ ಮಾಡಿದರು. ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

“ಕರೆದಿದಾರೆ ಬಯ್ಯಪ್ಪಣ್ಣ. ಹೋಗ್ದೆ ಇದ್ರೆ ಏನಂದ್ಕೊತಾರೆ?” ಅಂದ ಬಷೀರ್.

ಏನೂ ಅಂದುಕೊಳ್ಳುವುದಿಲ್ಲ ಮಾರಾಯ, ಜೀಪು ಪಕ್ಕದ ಮೇಲೂರು ದಾಟುವಷ್ಟರಲ್ಲಿ ನಿನ್ನ ಮುಖ ಮರೆತಿರುತ್ತಾನೆ ಅಂದೆ. ಅವನು ಕೇಳಲಿಲ್ಲ. ಕರೆಯುವ ವಿಷಯದಲ್ಲಿ ಅವನಿಗೊಂದು ಹಳೇ ಗಾಯವಿತ್ತು. ಚಿಂತಾಮಣಿಯಲ್ಲಿ ಅವನಿಗೊಬ್ಬಳು ಅಕ್ಕ, ಶಹರ್ ಬಾನು. ಇವನು ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡರು. ಸೊಂಟದ ಮೇಲೆ ಹೊತ್ತು ಸಾಕಿದವಳು ಆಕೆ. ಇವನ ಮಗಳು ಅಜೀಜಾಳ ಮದುವೆ ಗಡಿಬಿಡಿಯಲ್ಲಿ ಆ ಅಕ್ಕನಿಗೇ ಖುದ್ದಾಗಿ ಹೋಗಿ ಕರೆಯದೆ, ಯಾರೋ ಬಟ್ಟೆ ವ್ಯಾಪಾರಿಯ ಕೈಲಿ ಕಾರ್ಡು ಕಳಿಸಿಬಿಟ್ಟ. ಅದೇ ವ್ಯಾಪಾರಿಯ ಕೈಲಿ ಕಾರ್ಡು ವಾಪಸ್ಸು ಬಂತು. ಅವತ್ತಿನಿಂದ ಒಂಬತ್ತು ವರ್ಷ ಮಾತಿಲ್ಲ. ಆಮೇಲೆ ಇವನು ಬಾಗಿಲಿಗೆ ಹೋಗಿ ನಿಂತಾಗಲೆಲ್ಲ, ಮನೆಯಲ್ಲಿ ಯಾರೂ ಇಲ್ಲ ಎಂದು ಆಕೆಯೇ ಒಳಗಿನಿಂದ ಕೂಗಿ ಹೇಳುತ್ತಿದ್ದಳು. ಈ ಲೋಕದಲ್ಲಿ ಬಷೀರನಿಗೆ ನಿಜವಾಗಿ ಬೇಕಾಗಿದ್ದದ್ದು ಆ ಬಾಗಿಲು ತೆರೆಯುವುದೊಂದೇ. ಅದು ಆಗದ್ದಕ್ಕೇ ಮನುಷ್ಯ ಲಕ್ಸೆಂಬರ್ಗ್ ಹಿಡಿದುಕೊಂಡ ಅಂತ ನನಗೆ ಈಗ ಅನ್ನಿಸುತ್ತದೆ.

ಹೈಸ್ಕೂಲಿನ ಭೂಗೋಳದ ಮೇಷ್ಟ್ರು ನರಸಿಂಹಪ್ಪನವರನ್ನು ಅಟ್ಲಾಸ್ ಸಮೇತ ಹೋಟೆಲಿಗೆ ಕರೆಸಿದ. ಅವರು ಕನ್ನಡಕ ಏರಿಸಿ, ದಾರ ಇಟ್ಟು ಅಳೆದು, ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ನಾಲ್ಕು ತಾಲ್ಲೂಕು ಸೇರಿಸಿದರೆ ಆ ದೇಶಕ್ಕಿಂತ ಒಂದು ಹಿಡಿ ದೊಡ್ಡದೇ ಆಗುತ್ತದೆ ಎಂದು ತೀರ್ಪು ಕೊಟ್ಟರು. ಬಷೀರನ ಮುಖ ಅರಳಿತು. ಹಾಗಾದರೆ ಈ ನಾಲ್ಕು ತಾಲ್ಲೂಕು ಎಷ್ಟು ಖರ್ಚಿನಲ್ಲಿ ಸುತ್ತಬಹುದೋ ಅಷ್ಟರಲ್ಲೇ ಲಕ್ಸೆಂಬರ್ಗನ್ನೂ ಸುತ್ತಬಹುದು ಎಂದು ಲೆಕ್ಕ ಹಾಕಿದ. ತಪ್ಪು ಹುಡುಕಲು ನಮಗಿಬ್ಬರಿಗೂ ಆಗಲಿಲ್ಲ. ಮೊದಲು ಈ ನಾಲ್ಕು ತಾಲ್ಲೂಕು ಸುತ್ತಿ ತಾಲೀಮು ಮಾಡುವುದು ಎಂದು ನಿಶ್ಚಯಿಸಿದ. ಮಲಗುವುದು ಬಸ್‌ಸ್ಟಾಂಡಿನಲ್ಲಿ, ಇಲ್ಲವೇ ರೈಲ್ವೆ ಪ್ಲಾಟ್‌ಫಾರಂನಲ್ಲಿ. ಊಟಕ್ಕೆ ಕಡ್ಲೆಪುರಿ, ಕಡ್ಲೆಕಾಯಿ ಬೀಜ, ನಿಂಬೆಕಾಯಿ ಉಪ್ಪಿನಕಾಯಿ. ಚಳಿಗೇನು ಮಾಡುತ್ತೀರಿ ಎಂದು ಮೇಷ್ಟ್ರು ಕೇಳಿದರು. ಬೆಳಗಿನ ಜಾವ ನಂದಿ ಬೆಟ್ಟದ ಮೇಲೆ ಕೂತು ಅಭ್ಯಾಸ ಮಾಡಿಕೊಳ್ಳುತ್ತೇನೆ ಅಂದ. ಪಾಸ್‌ಪೋರ್ಟು, ವಿಮಾನ? ಅವನ್ನು ಆಮೇಲೆ ನೋಡೋಣ ಎಂದು ಬದಿಗಿಟ್ಟ. ಅಗ್ಗದ ಪ್ರವಾಸದ ಯೋಜನೆ ಹಾಕುವವರು ಕಲಿಯಬೇಕಾದ ದೊಡ್ಡ ಗುಟ್ಟು ಇದೇ.

ಹೆಂಡತಿ ಅಖ್ತರಿ ಬೇಡ ಅನ್ನಲಿಲ್ಲ, ಎರಡು ಷರತ್ತು ಹಾಕಿದರು. ಟಿಕೆಟ್ಟು ಕೈಗೆ ಬರುವವರೆಗೂ ಆ ದೇಶದ ಹೆಸರು ಯಾರ ಮುಂದೆಯೂ ಎತ್ತಬಾರದು, ದೃಷ್ಟಿಯಾಗುತ್ತದೆ. ಇನ್ನೊಂದು, ಸಮುದ್ರ ದಾಟುವ ಮುಂಚೆ ನೆಂಟರಿಷ್ಟರ ಮನೆಗೆಲ್ಲ ಹೋಗಿ, ಆಡಿದ್ದು ಮಾಡಿದ್ದು ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಿಕೊಂಡು ಬರಬೇಕು. ಹಜ್‌ಗೆ ಹೋಗುವವರು ಹಾಗೆ ಮಾಡುತ್ತಾರೆ, ಬಷೀರನ ಅಪ್ಪ ಹಡಗು ಹತ್ತುವ ಮುಂಚೆ ಮಾಡಿದ್ದರು. ಲಕ್ಸೆಂಬರ್ಗಿಗೆ ಇದು ಅನ್ವಯಿಸುತ್ತದೋ ಇಲ್ಲವೋ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಸಮುದ್ರ ಅಂದರೆ ಸಮುದ್ರವೇ. ತಾಲೀಮಿನ ಪ್ರವಾಸ, ಮಾಫಿ ಕೇಳುವುದು ಎರಡನ್ನೂ ಒಂದೇ ಬಸ್‌ಚಾರ್ಜಿನಲ್ಲಿ ಮುಗಿಸಿದರೆ ಉಳಿತಾಯ ಎಂದು ಕಂಡುಹಿಡಿದ. ನನ್ನಿಂದಲೂ ಮೇಷ್ಟ್ರಿಂದಲೂ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡ.

ಹೀಗೆ ಬೇಸಿಗೆ ಶುರುವಾಗುವ ಹೊತ್ತಿಗೆ, ಹಜ್ ಸಮಯವೂ ಅಲ್ಲ, ಮನೆಯಲ್ಲಿ ಮದುವೆಯೂ ಇಲ್ಲ, ಒಬ್ಬ ಒಣಕಲು ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ, “ದೂರ ಹೋಗ್ತಾ ಇದೀನಿ. ತಿರುಗಿ ಬರೋದು ಅಲ್ಲಾನ ಇಚ್ಛೆ. ತಪ್ಪಾಗಿದ್ರೆ ಮಾಫ್ ಮಾಡಿ” ಅನ್ನತೊಡಗಿದ. ಕೇಳಿದವರು ಏನೆಂದುಕೊಳ್ಳಬೇಕು ನೀವೇ ಹೇಳಿ. ಅದರ ಮೇಲೆ ಶೆಡ್ಡಿನ ಹಬೆಗೆ ಹತ್ತಿದ ಕೆಮ್ಮು ಬೇರೆ.

ಮೊದಲು ನಂಬಿದವನು ಲಾಲ್ ಬಾಷಾ. ಪಕ್ಕದ ಶೆಡ್ಡಿನವನು, ಗೂಡಿನ ಹರಾಜಿನಲ್ಲಿ ಬಷೀರನ ಮೇಲೆ ಬಿದ್ದು ಕೂಗುತ್ತಿದ್ದವನು. ಇವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ಅತ್ತಾದ ಮೇಲೆ ನನ್ನ ಹೋಟೆಲಿಗೆ ಬಂದು, ಪಾಪ, ಇವನು ಹೋದ ಮೇಲೆ ಆ ಗೂಡು ಬೇಯಿಸುವ ಬಾಯ್ಲರನ್ನು ಅಖ್ತರಿಬೀ ಮಾರುತ್ತಾರಾ ಎಂದು ಕೇಳಿದ. ದುಃಖದಲ್ಲೂ ಬಾಯ್ಲರ್ ಮರೆಯದವನೇ ನಿಜವಾದ ವ್ಯಾಪಾರಿ.

ಚಿಕ್ಕಬಳ್ಳಾಪುರದಲ್ಲಿ ಒಂದು ಸರ್ಕಾರಿ ಕಚೇರಿ. ಯಾವುದೆಂದು ಹೇಳುವುದಿಲ್ಲ, ನನಗೂ ಅಲ್ಲಿ ಕೆಲಸವಿದೆ. ಅಲ್ಲಿನ ಗುಮಾಸ್ತ ಮುನಿಗಂಗಪ್ಪ ಬಷೀರನ ಅರ್ಜಿಯ ಮೇಲೆ ವರ್ಷಗಟ್ಟಲೆ ಕೂತಿದ್ದ. ಒಮ್ಮೆ ಸಿಟ್ಟಿನಲ್ಲಿ ಬಷೀರ್ ಅವನಿಗೆ ‘ನಿನ್ನ ಕೈಗೆ ಹುಳ ಬೀಳ’ ಎಂದು ಬೈದಿದ್ದ. ಅದಕ್ಕೂ ಮಾಫಿ ಕೇಳಬೇಕಲ್ಲ, ಹೋಗಿ ಮೇಜಿನ ಮುಂದೆ ಕೈ ಕಟ್ಟಿ ನಿಂತ. ದೂರ ಹೋಗುತ್ತಿದ್ದೇನೆ, ಅವತ್ತಿನ ಮಾತು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಅಂದ. ಮುನಿಗಂಗಪ್ಪ ತನ್ನ ಕೈ ನೋಡಿಕೊಂಡ. ಸಾಯುವವರ ಬಾಯಿಮಾತು ತಟ್ಟುತ್ತದೆ ಎಂದು ಅವನ ಅವ್ವ ಹೇಳುತ್ತಿದ್ದುದು ನೆನಪಾಗಿರಬೇಕು. ಆ ಅರ್ಜಿ ಅದೇ ಮಧ್ಯಾಹ್ನ ಮೂರು ಮೇಜು ದಾಟಿ, ಸಾಹೇಬರ ರುಜು ಬಿದ್ದು ಹೊರಗೆ ಬಂತು. ಇಡೀ ಕಚೇರಿ ಎದ್ದು ನಿಂತು ಅವನನ್ನು ಕಳಿಸಿಕೊಟ್ಟಿತು. ಯೂರೋಪಿಗೆ ಹೋಗುವವರಿಗೆ ಇಷ್ಟು ಮರ್ಯಾದೆಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ ಎಂದು ಬಷೀರ್ ಆಮೇಲೆ ನನಗೆ ಹೇಳಿದ.

ಗೌರಿಬಿದನೂರಿನಲ್ಲಿ ಅವನ ಚಿಕ್ಕಪ್ಪನ ಮಗ ಷರೀಫನದು ಸೈಕಲ್ ಶಾಪು. ಮನೆಯಲ್ಲಿ ಹಾಸಿಗೆ ಹಾಸಿಸಿದರೆ ಈ ಮಹಾರಾಯ ಬೇಡ ಅಂದ. ಪ್ಲಾಟ್‌ಫಾರಂನಲ್ಲೇ ಮಲಗುತ್ತೇನೆ ಅಂದ.

“ನೆಲದ ಮೇಲೆ ಮಲಗಿ ಅಭ್ಯಾಸ ಆಗ್ಬೇಕು ಕಣೋ. ಅಲ್ಲಿ ಹಾಸಿಗೆ ಯಾರು ಕೊಡ್ತಾರೆ? ಜಾಗ ಚಿಕ್ಕದಂತೆ, ಆದ್ರೆ ತುಂಬಾ ತಣ್ಣಗಿರುತ್ತಂತೆ.”

ಷರೀಫ್ ಅವತ್ತು ಅಂಗಡಿ ಬಾಗಿಲು ಎಳೆದವನು ಎರಡು ದಿನ ತೆಗೆಯಲಿಲ್ಲ.

ಈ ಕಡೆ ಶಿಡ್ಲಘಟ್ಟದಲ್ಲಿ ಸುದ್ದಿ ನನ್ನ ಹೋಟೆಲಿಗೇ ಬಂದು ಕೂರುತ್ತಿತ್ತು. ಕೆಲವರು ಶ್ವಾಸಕೋಶ ಅಂದರು, ಕೆಲವರು ಗಂಟಲು ಅಂದರು. ಒಬ್ಬ ಎರಡನ್ನೂ ಕೊಟ್ಟ. ಕೊನೆಗೆ ತಡೆಯಲಾರದೆ ನಾನು ಆಣೆ ಮುರಿದು, ಅವನಿಗೆ ಏನೂ ಆಗಿಲ್ಲ, ಲಕ್ಸೆಂಬರ್ಗಿಗೆ ಹೋಗುತ್ತಿದ್ದಾನೆ ಅಂದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಅದು ಯಾವ ಕಡೆ ಆಸ್ಪತ್ರೆ, ವೇಲೂರಿಗಿಂತ ಚೆನ್ನಾಗಿ ನೋಡುತ್ತಾರಾ ಎಂದು ಲಾಲ್ ಬಾಷಾ ವಿಚಾರಿಸಿದ. ಅಖ್ತರಿಬೀ ಮನೆಗೆ ಬೀದಿಯವರೆಲ್ಲ ಸಾರು, ಪಲ್ಯ, ಪಾಯಸ ತಂದು ಕೊಡತೊಡಗಿದರು. ಪ್ರಯಾಣ ಹೊರಟವರ ಮನೆಗೆ ಉಪಚಾರ ಎಂದುಕೊಂಡು ಆ ತಾಯಿ ನಗುನಗುತ್ತಾ ಇಸಿದುಕೊಂಡರು. ಹಿಂದಿನ ಮನೆ ಕದಿರಮ್ಮ ಬಂದು, “ಗಂಡ ಹೋಗ್ತಾ ಇದಾನೆ, ಈಯಮ್ಮ ಪಾಯಸಕ್ಕೆ ಸಕ್ಕರೆ ಸಾಲ್ದು ಅಂತಾಳೆ. ಗುಂಡಿಗೆ ಅಂದ್ರೆ ಅದು ಕಣಪ್ಪ” ಎಂದು ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು.

ಕೊನೆಗೆ ಚಿಂತಾಮಣಿ. ಬೇಕೆಂದೇ ಕೊನೆಗಿಟ್ಟುಕೊಂಡಿದ್ದ. ಪ್ರಪಂಚವೆಲ್ಲ ಮಾಫ್ ಮಾಡಿದರೂ ಈ ಒಂದು ಬಾಗಿಲು ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೀದಿಯ ತುದಿಯಲ್ಲಿ ನಿಂತು ಆಡಬೇಕಾದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡನಂತೆ. ಹೋಗಿ ನೋಡುತ್ತಾನೆ, ಬಾಗಿಲು ಹಾರುಹೊಡೆದಿದೆ. ಶಹರ್ ಬಾನು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಮೂರು ತಾಲ್ಲೂಕಿನಿಂದಲೂ ಅವಳನ್ನು ಮುಟ್ಟಿತ್ತು. ಇವನು ಬಾಯಿ ತೆರೆಯುವ ಮುಂಚೆಯೇ ತಲೆಯನ್ನು ಎದೆಗೆ ಒತ್ತಿಕೊಂಡು, “ಎಲ್ಲಾ ಮಾಫ್ ಕಣೋ. ನೀನೇನೂ ಹೇಳ್ಬೇಡ” ಅಂದಳು. ಅಕ್ಕ ತಮ್ಮ ಆಡಿದ್ದು ಉರ್ದುವಿನಲ್ಲಿ. ಉರ್ದು ಕೇಳಿಕೊಂಡೇ ಬೆಳೆದ ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಬಷೀರ್ ಮಗುವಿನ ಹಾಗೆ ಅತ್ತ. ಲಕ್ಸೆಂಬರ್ಗಿಗೆ ಇಂಥ ಮಹಿಮೆ ಇದೆಯೆಂದು ಗೊತ್ತಿದ್ದರೆ ಎಂದೋ ಹೊರಟುಬಿಡುತ್ತಿದ್ದೆನಲ್ಲ ಎಂದುಕೊಂಡ. ಆಕೆ ಬಿರಿಯಾನಿ ಮಾಡಿದ್ದಳು. ಬಡಿಸಿದಳೇ ಹೊರತು ತಾನು ಒಂದು ಅಗುಳೂ ಮುಟ್ಟಲಿಲ್ಲ. ಆಪಾ, ತುಂಬಾ ಇಳಿದುಹೋಗಿದೀಯ ಅಂದರೆ, ಬಿಸಿಲಪ್ಪ ಅಂದಳು. ಎಷ್ಟು ದಿನ ಅಂತ ಹೇಳಿದಾರೆ ಎಂದು ಕೇಳಿದಳು. “ಒಂದು ತಿಂಗಳು ಅಂದ್ಕೊಂಡಿದೀನಿ. ಅದಕ್ಕಿಂತ ಜಾಸ್ತಿ ಇರೋಕೆ ಬಿಡಲ್ವಂತೆ” ಅಂದ ಇವನು, ಬಾಯಿ ತುಂಬಾ ಅನ್ನ ಇಟ್ಟುಕೊಂಡು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊರಡುವಾಗ ಟ್ರಂಕು ತೆಗೆದು, ಎಲ್ಲಕ್ಕಿಂತ ಮೇಲೆ ಮಡಚಿಟ್ಟಿದ್ದ ಒಂದು ಬಿಳಿಯ ಬಟ್ಟೆಯ ಕಟ್ಟನ್ನು ಅವನ ಕೈಗಿಟ್ಟಳು. ಮಕ್ಕಾಕ್ಕೆ ಹೋದವರ ಕೈಲಿ, ಅಲ್ಲಿನ ಪವಿತ್ರ ಝಂಝಂ ಬಾವಿಯ ನೀರಿನಲ್ಲಿ ಅದ್ದಿಸಿ ತರಿಸಿದ್ದು. “ನನಗೆ ಅಂತ ಇಟ್ಕೊಂಡಿದ್ದೆ. ನಿನಗೇ ಮುಂಚೆ ಬೇಕಾಯ್ತು” ಅಂದಳು. ಬೇರೆ ಯಾರಾದರೂ ಆಗಿದ್ದರೆ ಅದು ಕಫನ್ ಬಟ್ಟೆ, ಆಕೆ ತನ್ನ ಹೆಣದ ಮೇಲೆ ಹೊದೆಸಲು ಇಟ್ಟುಕೊಂಡದ್ದು ಎಂದು ಕರ್ಪೂರದ ವಾಸನೆಗೇ ಗೊತ್ತಾಗುತ್ತಿತ್ತು. ನಮ್ಮವನು, ಆಪಾಗೂ ಎಲ್ಲಿಗೋ ಪ್ರವಾಸ ಹೋಗುವ ಆಸೆಯಿತ್ತೇನೋ, ದಾರಿಗೆ ಅಂತ ದುಪ್ಪಟಿ ಕೊಟ್ಟಳು ಎಂದುಕೊಂಡು ಚೀಲಕ್ಕೆ ತುರುಕಿದ.

ಬಸ್‌ಸ್ಟಾಂಡಿಗೆ ಬಂದರೆ ಶಿಡ್ಲಘಟ್ಟದ ಬಸ್ಸು ಹೊರಟುಹೋಗಿತ್ತು. ಮಟಮಟ ಮಧ್ಯಾಹ್ನ. ಎಷ್ಟೋ ದಿನ ನಿದ್ದೆಗೆಟ್ಟ ದೇಹ, ಪುರಿ ತಿಂದು ಒಣಗಿದ ಹೊಟ್ಟೆಗೆ ಬಿರಿಯಾನಿ. ಕಲ್ಲು ಬೆಂಚಿನ ಮೇಲೆ ಅಡ್ಡಾದ. ನೊಣ ಮುತ್ತಿದವು. ಚೀಲದಿಂದ ಆ ಬಟ್ಟೆ ಎಳೆದು ಕಾಲಿನಿಂದ ತಲೆಯವರೆಗೂ ಹೊದ್ದುಕೊಂಡು ನಿದ್ದೆ ಹೋದ.

ಮೊದಲು ನೋಡಿದವಳು ಕಡ್ಲೆಕಾಯಿ ಮಾರುವ ಗಂಗುಲಮ್ಮ. “ಅಯ್ಯೋ ಪಾಪಂ, ಎವರೋ ಪೋಯಿನಾರು” ಎಂದು ತೆಲುಗಿನಲ್ಲಿ ಕೂಗಿದಳು, ಯಾರೋ ಸತ್ತಿದ್ದಾರೆ ಎಂದು. ಜನ ಸೇರಿದರು. ಯಾರೋ ಊದುಬತ್ತಿ ಹಚ್ಚಿಟ್ಟರು, ಯಾರೋ ಕನಕಾಂಬರದ ಮಾಲೆ ತಂದು ಎದೆಯ ಮೇಲಿಟ್ಟರು. ಯಾವ ಧರ್ಮದ ಹೆಣವಾದರೂ ನಮ್ಮ ಕಡೆಯ ಜನ ಹೂವಿಗೆ ಕಡಿಮೆ ಮಾಡುವುದಿಲ್ಲ. ಒಬ್ಬ ಕಂಡಕ್ಟರು ಚೀಲದ ಗುರುತು ಹಿಡಿದು, ಇವರು ಶಿಡ್ಲಘಟ್ಟದ ಬಷೀರ್ ಸಾಬರು, ಕಾಯಿಲೆ ಅಂತಿದ್ದರು ಅಂದ. ಬಟ್ಟೆ ಸರಿಸಿ ಮೂಗಿನ ಹತ್ತಿರ ಕೈ ಇಟ್ಟು ನೋಡೋಣ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಸತ್ತವನನ್ನು ಯಾರು ತಾನೇ ಅನುಮಾನಿಸುತ್ತಾರೆ. ಬಸ್‌ಸ್ಟಾಂಡಿನವರು ನಮ್ಮೂರಿಗೆ ಫೋನು ಮಾಡಿದರು. ಅಕ್ಕನ ಮನೆಗೂ ಯಾರೋ ಓಡಿದರು.

ನಾವು ಗೂಡು ಸಾಗಿಸುವ ಟೆಂಪೋ ಹಿಡಿದು ಹೊರಟೆವು. ನಾನು, ಮೇಷ್ಟ್ರು, ಲಾಲ್ ಬಾಷಾ, ಅಖ್ತರಿಬೀ. ದಾರಿಯುದ್ದಕ್ಕೂ ಆ ಹೆಣ್ಣುಮಗಳು ಎದೆ ಹೊಡೆದುಕೊಳ್ಳುತ್ತಾ, ಟಿಕೆಟ್ಟು ಬರುವ ಮುಂಚೆ ಯಾರೋ ದೇಶದ ಹೆಸರು ಹೇಳಿಬಿಟ್ಟಿದ್ದಾರೆ, ದೃಷ್ಟಿಯಾಯಿತು ಅಂದರು. ನಾನು ಚಿಂತಾಮಣಿಯವರೆಗೂ ರಸ್ತೆಯ ಕಡೆಯೇ ನೋಡಿಕೊಂಡು ಕೂತೆ. ಸುಳ್ಳೇಕೆ ಹೇಳಲಿ, ನಿಜವಾಗಿ ಕಾಯಿಲೆಯಿದ್ದು ನಮ್ಮಿಂದ ಮುಚ್ಚಿಟ್ಟು ಲಕ್ಸೆಂಬರ್ಗಿನ ನೆಪ ಹೇಳಿದನೇನೋ ಎಂದು ನನಗೂ ಆಗ ಅನ್ನಿಸಿಬಿಟ್ಟಿತ್ತು.

ಬಸ್‌ಸ್ಟಾಂಡಿನಲ್ಲಿ ಜಾತ್ರೆಯ ಹಾಗೆ ಜನ. ಅಖ್ತರಿಬೀ ಕೂಗಿಕೊಂಡು ಬೆಂಚಿನ ಮೇಲೆ ಬಿದ್ದರು. ಹೆಣ ಎದ್ದು ಕೂತಿತು. ಮಾಲೆ ಕೊರಳಿಗೆ ಸಿಕ್ಕಿಕೊಂಡಿತ್ತು. ಗಂಗುಲಮ್ಮ ಬುಟ್ಟಿ ಬಿಟ್ಟು ಓಡಿದಳು, ಹೆಣದ ಕಾವಲಿಗೆ ಬಂದಿದ್ದ ಪೊಲೀಸಿನವನು ಅವಳಿಗಿಂತ ಮುಂದೆ ಓಡಿದ. ಬಷೀರ್ ಕಣ್ಣುಜ್ಜಿಕೊಂಡು, “ಬಸ್ ಬಂತಾ?” ಅಂದ.

ಓಡಿದವರು ಒಬ್ಬೊಬ್ಬರೇ ವಾಪಸ್ಸಾದರು. ಮೇಷ್ಟ್ರು ಒಂದು ಕಲ್ಲಿನ ಮೇಲೆ ಹತ್ತಿ, ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ, ಯೂರೋಪಿನಲ್ಲಿ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶವಿದೆ, ಅಲ್ಲಿಗೆ ಅಗ್ಗವಾಗಿ ಹೋಗಿಬರಲು ಇವರು ತಾಲೀಮು ಮಾಡುತ್ತಿದ್ದಾರೆ ಎಂದು ಪಾಠ ಮಾಡಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾಲ್ ಬಾಷಾ ಮಾತ್ರ ನಗಲಿಲ್ಲ, ಅವನಿಗೆ ಬಾಯ್ಲರ್ ಕೈತಪ್ಪಿತ್ತು.

ಆ ನಗುವಿನ ನಡುವೆ ಶಹರ್ ಬಾನು ಜಟಕಾದಿಂದ ಇಳಿದಳು. ಇಳಿಯುವುದಕ್ಕೇ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮೇಷ್ಟ್ರ ಪಾಠ ಅವಳ ಕಿವಿಗೂ ಬಿದ್ದಿತ್ತು. ನೇರ ತಮ್ಮನ ಮುಂದೆ ಬಂದು ನಿಂತಳು.

“ಕಾಯಿಲೆ ಇಲ್ವಾ ನಿನಗೆ?”

“ಇಲ್ಲ ಆಪಾ. ಗಟ್ಟಿಮುಟ್ಟಾಗಿದೀನಿ,” ಅಂದ ಬಷೀರ್, ಒಳ್ಳೆ ಸುದ್ದಿ ಹೇಳುವವನ ಹಾಗೆ.

ಆಕೆ ಕೆನ್ನೆಗೆ ಒಂದು ಬಾರಿಸಿದಳು. ಆ ಕೈಯಲ್ಲಿ ಏನೂ ಬಲವಿರಲಿಲ್ಲ, ಸದ್ದೂ ಬರಲಿಲ್ಲ.

“ನಾನು ಮಾಫ್ ಮಾಡಿದ್ದು ಸಾಯೋ ತಮ್ಮನ್ನ. ಊರು ಸುತ್ತೋ ತಮ್ಮನ್ನಲ್ಲ. ಆ ಮಾಫಿ ವಾಪಸ್ ತಗೊಂಡಿದೀನಿ. ಬಟ್ಟೆನೂ ಕೊಡು ಇಲ್ಲಿ, ನನಗೆ ಬೇಕು.”

ಜನ ಇನ್ನಷ್ಟು ನಕ್ಕರು. ಅಷ್ಟು ಅವಸರ ಏನಜ್ಜಿ, ಇನ್ನೂ ಬೇಕಾದಷ್ಟು ಟೈಮಿದೆ ಎಂದು ಗುಂಪಿನಿಂದ ಯಾರೋ ತಮಾಷೆ ಮಾಡಿದ. ಆಕೆ ಅವನ ಕಡೆ ತಿರುಗಿ, ಸಂತೆಯಲ್ಲಿ ಸೊಪ್ಪಿನ ಬೆಲೆ ಹೇಳುವಷ್ಟು ಸಲೀಸಾಗಿ, “ಇಲ್ಲಪ್ಪ. ಹೊಟ್ಟೆಯಲ್ಲಿ ಗಡ್ಡೆ. ಈ ಸಲದ ಮಳೆ ನೋಡಲ್ಲ ಅಂದಿದಾರೆ ಕೋಲಾರದ ಡಾಕ್ಟರು” ಅಂದಳು.

ನಗು ಅಲ್ಲಿಗೇ ನಿಂತಿತು. ನಾಲ್ಕು ತಾಲ್ಲೂಕಿನ ಜನ ಕಾಯಿಲೆ ಇಲ್ಲದವನನ್ನು ಅಷ್ಟು ದಿನ ಅತ್ತು ಕಳಿಸಿಕೊಟ್ಟಿದ್ದೆವು. ಟ್ರಂಕಿನಲ್ಲಿ ಆ ಬಟ್ಟೆ ಎಲ್ಲಕ್ಕಿಂತ ಮೇಲೆ ಏಕಿತ್ತು ಎಂದು ಬಷೀರನೂ ಕೇಳಲಿಲ್ಲ, ಆಕೆ ಹೇಗಿದ್ದಾಳೆಂದು ನಾವೂ ವಿಚಾರಿಸಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬಷೀರ್ ಕೊರಳಿನ ಮಾಲೆ ತೆಗೆದಿಟ್ಟು, ಬಟ್ಟೆಯನ್ನು ಧೂಳು ಕೊಡವಿ ಮಡಚಿದ. ಮಡಿಕೆ ಸರಿಬರಲಿಲ್ಲ. ಬಿಚ್ಚಿ ಮತ್ತೆ ಮಡಚಿದ. ಕೊನೆಗೆ ಆಕೆಯೇ ಕಿತ್ತುಕೊಂಡು ಮಡಚಿ ಕಂಕುಳಿಗಿಟ್ಟುಕೊಂಡು, ಜಟಕಾ ಹತ್ತಿದಳು.

ಶಿಡ್ಲಘಟ್ಟದ ಬಸ್ಸು ಬಂದು ನಿಂತಿತು. ನಮ್ಮ ಮನುಷ್ಯ ಹತ್ತಲಿಲ್ಲ. ಚೀಲ ಹೆಗಲಿಗೇರಿಸಿ ಜಟಕಾದ ಹಿಂದೆ ನಡೆದ. ಅಖ್ತರಿಬೀ ಮೇಷ್ಟ್ರ ಜೊತೆ ಟೆಂಪೋದಲ್ಲೇ ಕೂತರು, ಅವನನ್ನು ಕರೆಯಲಿಲ್ಲ. ಏನಾಗುತ್ತದೋ ನೋಡೋಣ ಎಂದು ನಾನು ಅವನ ಹಿಂದೆ ಹೋದೆ. ಆಕೆ ಮನೆಯೊಳಗೆ ಹೋದವಳು ಬಾಗಿಲು ಹಾಕಲು ತಿರುಗಿ, ಹೊಸ್ತಿಲಾಚೆ ನಿಂತವನನ್ನು ನೋಡಿದಳು.

“ನಿನ್ನ ಯಾರು ಕರೆದ್ರು?”

“ಯಾರೂ ಕರೀಲಿಲ್ಲ.”

“ಎಷ್ಟು ದಿನ ಇರ್ತೀಯ?”

ಬಷೀರನಿಗೆ ಸುಳ್ಳು ಹೊಳೆಯುವುದಿಲ್ಲ. ಒಳ್ಳೆಯ ಮಾತೂ ಹೊಳೆಯುವುದಿಲ್ಲ.

“ನೀನು ಸಾಯೋವರೆಗೂ ಇರ್ತೀನಿ ಆಪಾ” ಅಂದುಬಿಟ್ಟ.

ನಾನು ತಲೆ ಚಚ್ಚಿಕೊಂಡೆ. ಆಕೆ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನಗು ಬಂತು, ನಕ್ಕು ನಕ್ಕು ಹೊಟ್ಟೆ ನೋವಾಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿದಳು. ಚಪ್ಪಲಿ ಆಚೆ ಬಿಟ್ಟು ಬಾ ಎಂದು ಕೈಸನ್ನೆ ಮಾಡಿದಳು.

ಶೆಡ್ಡನ್ನು ಅಖ್ತರಿಬೀ ನೋಡಿಕೊಂಡರು. ಅಕ್ಕನ ಮನೆಯ ನೀರು ಸೇದಿದ್ದು, ಗಂಜಿ ಕಾಯಿಸಿದ್ದು, ಬಟ್ಟೆ ಒಗೆದದ್ದು ಎಲ್ಲ ಬಷೀರನೇ. ಒಳ್ಳೆ ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ ಅವನು ಒಬ್ಬನೇ ಬಸ್ಸಿಳಿದು ನೇರ ನನ್ನ ಹೋಟೆಲಿಗೆ ಬಂದು ಕೂತ. ತಲೆಗೆ ಕಟ್ಟಿದ್ದ ಕರ್ಚೀಫು ಇನ್ನೂ ಬಿಚ್ಚಿರಲಿಲ್ಲ. ಮಣ್ಣು ಮಾಡಿ ಬಂದದ್ದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಟೀ ಮುಂದಿಟ್ಟು, ಕೊನೆಗೂ ಮಾಫ್ ಮಾಡಿದಳೇನಪ್ಪ ಎಂದು ಕೇಳಿದೆ.

“ಕೇಳೋಕೆ ಟೈಮೇ ಸಿ‍ಗ್ಲಿಲ್ಲ ಬಯ್ಯಪ್ಪಣ್ಣ,” ಅಂದ ಬಷೀರ್. “ದಿನಾ ಬೆಳಗಾದ್ರೆ ಬೈತಾ ಇದ್ಲು.”